ಗಂಟೆಯ ಲೋಹದ ಲೆಕ್ಕ ಬಿಡಿಸಿದ ಹ್ಯೂಮ್-ರಾಥರಿ

ಮಕ್ಕಳೇ, ಕುಂದಾಪುರ ಪೇಟೆಯಿಂದ ಕಡಲಿನ ಕಡೆಗೆ ಹೋದರೆ ಕೋಡಿ ಎಂಬ ಊರು ಸಿಗುತ್ತದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಪಂಚಗಂಗಾವಳಿ ಹೊಳೆ, ನಡುವೆ ದೀಪಸ್ತಂಭವಿರುವ ಮರಳ ನೆಲ. ಅಳಿವೆಯ ಆಚೆ ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕೆ ಬಂದರು. ಈ ಊರಿನ ಒಂದು ಹಳೆಯ ಮನೆಗೆ ಹೋಗಿದ್ದೇವೆ ಎಂದುಕೊಳ್ಳಿ. ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಹಂಡೆ ಇದೆ. ಅದರ ಮೈಯಲ್ಲಿ ಅಲ್ಲಲ್ಲಿ ತಗ್ಗು. ಯಾವಾಗಲೋ ಬಿದ್ದು ನೆಗ್ಗಿದ್ದು. ನೆಗ್ಗಿದರೂ ಹಂಡೆ ಒಡೆದಿಲ್ಲ, ನೀರು ಸೋರುವುದೂ ಇಲ್ಲ. ಬೇಕಾದರೆ ಒಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ ನೆಗ್ಗು ತೆಗೆಯಬಹುದು.

ಅದೇ ಮನೆಯ ದೇವರ ಕೋಣೆಯಲ್ಲಿ ಒಂದು ಕಂಚಿನ ಗಂಟೆ ಇದೆ. ಅದು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ನೆಗ್ಗುವುದಿಲ್ಲ. ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಗಂಟೆಯ ನಾದ ಹೋಯಿತು. ಆಮೇಲೆ ಅದನ್ನು ಬಾರಿಸಿದರೆ ತಗಡಿನ ಡಬ್ಬ ಬಡಿದಂತೆ ಕೇಳುತ್ತದೆ. ಯಕ್ಷಗಾನದ ಭಾಗವತರು ತಮ್ಮ ಜಾಗಟೆಯನ್ನೂ ತಾಳವನ್ನೂ ಅಷ್ಟು ಜೋಪಾನವಾಗಿ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಈಗ ಒಂದು ಸೋಜಿಗ ನೋಡಿ. ಕಂಚು ಎಂದರೆ ತಾಮ್ರ ಮತ್ತು ತವರ ಸೇರಿದ ಮಿಶ್ರಲೋಹ. ತಾಮ್ರ ಮೆತ್ತನೆಯ ಲೋಹ, ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ. ತವರ ಅದಕ್ಕಿಂತಲೂ ಮೆತ್ತಗೆ. ತವರದ ತೆಳು ಕಡ್ಡಿಯನ್ನು ಕೈಯಲ್ಲೇ ಬಗ್ಗಿಸಬಹುದು. ಎರಡು ಮೆತ್ತನೆಯ ಲೋಹಗಳು ಸೇರಿ ಒಡೆದುಹೋಗುವಷ್ಟು ಪೆಡಸಾದ ವಸ್ತು ಹೇಗೆ ಹುಟ್ಟಿತು? ಗಂಟೆ ಎರಕ ಹೊಯ್ಯುವವರು ಸಾವಿರಾರು ವರ್ಷಗಳಿಂದ ಇದನ್ನು ಕಂಡಿದ್ದರು. ಯಾಕೆ ಹೀಗೆ ಎಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಇದಕ್ಕೆ ಉತ್ತರದ ಮೊದಲ ತುದಿಯನ್ನು ಹಿಡಿದವರು ಇಂಗ್ಲೆಂಡಿನ ವಿಲಿಯಂ ಹ್ಯೂಮ್-ರಾಥರಿ. ಗಂಟೆಯ ನಾದ ಅವರಿಗೆ ಕೇಳುತ್ತಿರಲಿಲ್ಲ. ಹದಿನೆಂಟರ ವಯಸ್ಸಿಗೆಲ್ಲ ಅವರ ಎರಡೂ ಕಿವಿಗಳು ಪೂರ್ತಿಯಾಗಿ ಕೇಳದಂತಾಗಿದ್ದವು.

ವಿಲಿಯಂ ಹುಟ್ಟಿದ್ದು 1899ರ ಮೇ 15ರಂದು, ಲಂಡನ್ನಿನ ಸಮೀಪದ ವೂಸ್ಟರ್ ಪಾರ್ಕ್ ಎಂಬಲ್ಲಿ. ತಂದೆ ವಕೀಲರು. ಬಾಲ್ಯ ಕಳೆದದ್ದು, ಶಾಲೆ ಓದಿದ್ದು ಚೆಲ್ಟನಂ ಎಂಬ ಪಟ್ಟಣದಲ್ಲಿ. ಹುಡುಗನಿಗೆ ಸೈನ್ಯ ಸೇರುವ ಆಸೆ. ವೂಲಿಚ್‌ನಲ್ಲಿದ್ದ ರಾಯಲ್ ಮಿಲಿಟರಿ ಅಕಾಡೆಮಿಗೆ ಸೇರಿದ. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ತರಬೇತಿ ಮುಗಿಸಿದ ತರುಣರು ನೇರವಾಗಿ ಯುದ್ಧಭೂಮಿಗೆ ಹೋಗುತ್ತಿದ್ದ ಕಾಲವದು.

1917ರಲ್ಲಿ ವಿಲಿಯಂಗೆ ಮಿದುಳು ಮತ್ತು ಬೆನ್ನುಹುರಿಯ ಪೊರೆಗಳಿಗೆ ಸೋಂಕು ತಗಲುವ ಮೆನಿಂಜೈಟಿಸ್ ಎಂಬ ಜ್ವರ ಬಂತು. ಇಂದು ಈ ರೋಗಕ್ಕೆ ಔಷಧಿಗಳಿವೆ, ಕೆಲವು ಬಗೆಗಳಿಗೆ ಲಸಿಕೆಯೂ ಇದೆ. ಪೆನಿಸಿಲಿನ್ ಕೂಡ ಇಲ್ಲದ ಆ ಕಾಲದಲ್ಲಿ ಬದುಕಿ ಉಳಿಯುವುದೇ ದೊಡ್ಡದು. ವಿಲಿಯಂ ಬದುಕಿದರು, ಆದರೆ ಶ್ರವಣಶಕ್ತಿ ಪೂರ್ಣವಾಗಿ ಹೋಯಿತು. ಆಜ್ಞೆ ಕೇಳಿಸದವರಿಗೆ ಸೈನ್ಯದಲ್ಲಿ ಜಾಗವಿಲ್ಲ. ಅವರು ಬಯಸಿದ ಬದುಕಿನ ಬಾಗಿಲು ಅಲ್ಲಿಗೆ ಮುಚ್ಚಿತು.

ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾಡ್ಲಿನ್ ಕಾಲೇಜಿಗೆ ಸೇರಿ ರಸಾಯನ ವಿಜ್ಞಾನ ಓದಲು ತೊಡಗಿದರು. ಕಾಲೇಜು ಎಂದರೆ ಉಪನ್ಯಾಸ. ಉಪನ್ಯಾಸ ಕೇಳಿಸದವರು ಅಲ್ಲಿ ಓದುವುದು ಎಷ್ಟು ಕಷ್ಟವೆಂದು ನೀವೇ ಯೋಚಿಸಿ. ಆದರೂ 1922ರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಬಳಿಕ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್‌ಗೆ ಹೋಗಿ, ಹೆರಾಲ್ಡ್ ಕಾರ್ಪೆಂಟರ್ ಎಂಬ ಪ್ರಸಿದ್ಧ ಲೋಹವಿಜ್ಞಾನಿಯ ಬಳಿ ಸಂಶೋಧನೆಗೆ ನಿಂತರು. ಅವರು ಆರಿಸಿಕೊಂಡ ವಿಷಯ, ಒಂದು ಲೋಹ ಇನ್ನೊಂದು ಲೋಹದೊಂದಿಗೆ ಕೂಡಿ ಆಗುವ ಸಂಯುಕ್ತಗಳು. ಅದರಲ್ಲೂ ತವರದ ಸಂಯುಕ್ತಗಳು.

ಈ ವಿಷಯದಲ್ಲಿ ಆಗ ರಸಾಯನ ವಿಜ್ಞಾನಿಗಳಿಗೆ ದೊಡ್ಡ ತಲೆನೋವಿತ್ತು. ನೀರು ಎಂದರೆ ಹೈಡ್ರೋಜನ್ನಿನ 2 ಪರಮಾಣು, ಆಕ್ಸಿಜನ್ನಿನ 1 ಪರಮಾಣು. ಉಪ್ಪು ಎಂದರೆ ಸೋಡಿಯಂ 1, ಕ್ಲೋರಿನ್ 1. ಯಾವ ಧಾತು ಎಷ್ಟು ಕೈ ಚಾಚುತ್ತದೆ ಎಂದು ತಿಳಿದರೆ ಯಾವುದು ಯಾವುದರೊಂದಿಗೆ ಎಷ್ಟೆಷ್ಟು ಸೇರುತ್ತದೆ ಎಂದು ಹೇಳಿಬಿಡಬಹುದು. ಲೋಹ ಲೋಹಗಳು ಸೇರುವಾಗ ಈ ನಿಯಮ ಕೈಕೊಡುತ್ತಿತ್ತು. ಹಿತ್ತಾಳೆಯ ಒಂದು ಬಗೆಯಲ್ಲಿ ತಾಮ್ರದ 5 ಪರಮಾಣುಗಳಿಗೆ ಸತುವಿನ 8 ಪರಮಾಣುಗಳು. ಕಂಚಿನ ಒಂದು ಬಗೆಯಲ್ಲಿ ತಾಮ್ರದ 31ಕ್ಕೆ ತವರದ 8. ಮೂವತ್ತೊಂದಕ್ಕೆ ಎಂಟು! ಇದೆಂಥ ಲೆಕ್ಕ? ಇವು ನಿಜವಾದ ಸಂಯುಕ್ತಗಳೇ ಅಲ್ಲ ಎಂದು ವಾದಿಸಿದವರೂ ಇದ್ದರು.

ಇದನ್ನು ತಿಳಿಯಬೇಕಾದರೆ ಲೋಹ ಎಂದರೇನು ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಮತ್ತೆ ಕೋಡಿಗೇ ಬರೋಣ. ಪಂಚಗಂಗಾವಳಿ ಎಂದರೆ ಐದು ಹೊಳೆಗಳು ಕೂಡಿದ್ದು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಬೇರೆ ಬೇರೆ ಕಡೆಯಿಂದ ಹರಿದುಬಂದು ಇಲ್ಲಿ ಒಂದಾಗಿ ಕಡಲು ಸೇರುತ್ತವೆ. ಅಳಿವೆಯಲ್ಲಿ ಒಂದು ಬೊಗಸೆ ನೀರು ಎತ್ತಿ, ಇದು ವಾರಾಹಿಯದು, ಇದು ಸೌಪರ್ಣಿಕೆಯದು ಎಂದು ಹೇಳಲಾದೀತೇ? ಲೋಹದೊಳಗೂ ಹಾಗೆಯೇ. ಪ್ರತಿಯೊಂದು ಪರಮಾಣುವೂ ತನ್ನ ಹೊರಗಿನ ಕೆಲವು ಎಲೆಕ್ಟ್ರಾನುಗಳನ್ನು ಒಟ್ಟಿನ ಹೊಳೆಗೆ ಬಿಟ್ಟುಕೊಡುತ್ತದೆ. ಆಮೇಲೆ ಆ ಎಲೆಕ್ಟ್ರಾನು ಯಾವ ಪರಮಾಣುವಿನದೂ ಅಲ್ಲ, ಎಲ್ಲರದ್ದೂ. ಲೋಹದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದು ಈ ಹಂಚಿಕೊಂಡ ಎಲೆಕ್ಟ್ರಾನುಗಳಿಂದಲೇ. ಪರಮಾಣುಗಳನ್ನು ಒಟ್ಟಾಗಿ ಹಿಡಿದಿಡುವುದೂ ಇವೇ.

ಯಾವ ಲೋಹ ಎಷ್ಟು ಕೊಡುತ್ತದೆ? ತಾಮ್ರದ ಪರಮಾಣು 1 ಎಲೆಕ್ಟ್ರಾನ್ ಕೊಡುತ್ತದೆ. ಸತು 2, ಅಲ್ಯೂಮಿನಿಯಂ 3, ತವರ 4. ಈ ನಾಲ್ಕು ಸಂಖ್ಯೆಗಳನ್ನು ನೆನಪಿಡಿ. ಪೆನ್ಸಿಲು, ಕಾಗದ ತೆಗೆದುಕೊಳ್ಳಿ. ಹ್ಯೂಮ್-ರಾಥರಿಯವರು ಮಾಡಿದ ಲೆಕ್ಕವನ್ನು ನೀವೂ ಮಾಡಬಹುದು. ಐದನೆಯ ತರಗತಿಯ ಭಿನ್ನರಾಶಿ ಗೊತ್ತಿದ್ದರೆ ಸಾಕು.

ಹಿತ್ತಾಳೆಯ ಒಂದು ಬಗೆಯಲ್ಲಿ ತಾಮ್ರ 1, ಸತು 1. ಪರಮಾಣುಗಳು ಒಟ್ಟು 2. ಎಲೆಕ್ಟ್ರಾನುಗಳು 1 ಮತ್ತು 2 ಸೇರಿ 3. ಅಂದರೆ 2 ಪರಮಾಣುಗಳಿಗೆ 3 ಎಲೆಕ್ಟ್ರಾನುಗಳು. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಒಂದು ಸಂಯುಕ್ತದಲ್ಲಿ ತಾಮ್ರ 3, ಅಲ್ಯೂಮಿನಿಯಂ 1. ಪರಮಾಣುಗಳು 4, ಎಲೆಕ್ಟ್ರಾನುಗಳು 3 ಮತ್ತು 3 ಸೇರಿ 6. ನಾಲ್ಕಕ್ಕೆ ಆರು ಎಂದರೆ ಎರಡಕ್ಕೆ ಮೂರು. ಕಂಚಿನ ಒಂದು ಬಗೆಯಲ್ಲಿ ತಾಮ್ರ 5, ತವರ 1. ಪರಮಾಣುಗಳು 6, ಎಲೆಕ್ಟ್ರಾನುಗಳು 5 ಮತ್ತು 4 ಸೇರಿ 9. ಆರಕ್ಕೆ ಒಂಬತ್ತು. ಮತ್ತೆ ಅದೇ, ಎರಡಕ್ಕೆ ಮೂರು!

ಒಂದಕ್ಕೆ ಒಂದು, ಮೂರಕ್ಕೆ ಒಂದು, ಐದಕ್ಕೆ ಒಂದು ಎಂದು ಬೇರೆ ಬೇರೆಯಾಗಿ ಕಾಣುವ ಮೂರು ಸಂಯುಕ್ತಗಳು ಎಲೆಕ್ಟ್ರಾನ್ ಲೆಕ್ಕದಲ್ಲಿ ಒಂದೇ. ಹ್ಯೂಮ್-ರಾಥರಿ ಇದನ್ನು 1926ರಲ್ಲಿ ಪ್ರಕಟಿಸಿದರು. ಆಗ ಅವರಿಗೆ 27 ವರ್ಷ. ಪರಮಾಣುಗಳನ್ನು ಎಣಿಸುತ್ತಿದ್ದವರ ನಡುವೆ ಅವರು ಎಲೆಕ್ಟ್ರಾನುಗಳನ್ನು ಎಣಿಸಿದರು. ನನ್ನ ಮಟ್ಟಿಗೆ ಇದು ಇಪ್ಪತ್ತನೆಯ ಶತಮಾನದ ಅತ್ಯಂತ ಸರಳವಾದ, ಅತ್ಯಂತ ಜಾಣ ಲೆಕ್ಕಗಳಲ್ಲಿ ಒಂದು.

ಅದೇ ವರ್ಷಗಳಲ್ಲಿ ಸ್ವೀಡನ್ ದೇಶದಲ್ಲಿ ಆರ್ನೆ ವೆಸ್ಟ್‌ಗ್ರೆನ್ ಮತ್ತು ಗೋಸ್ಟಾ ಫ್ರಾಗ್ಮೆನ್ ಎಂಬ ಇಬ್ಬರು ಎಕ್ಸ್-ಕಿರಣಗಳನ್ನು ಹಾಯಿಸಿ, ಲೋಹಗಳ ಒಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂದು ನೋಡುತ್ತಿದ್ದರು. ಎಲೆಕ್ಟ್ರಾನ್ ಲೆಕ್ಕ ಒಂದೇ ಇರುವ ಸಂಯುಕ್ತಗಳಲ್ಲಿ ಪರಮಾಣುಗಳ ಜೋಡಣೆಯೂ ಒಂದೇ ಬಗೆಯದೆಂದು ಅವರ ಕೆಲಸದಿಂದ ಕಂಡುಬಂತು. ಆ ಕಷ್ಟದ ಸಂಯುಕ್ತಗಳ ಲೆಕ್ಕವೂ ಬಿಡಿಸಿಕೊಂಡಿತು. ತಾಮ್ರ 5, ಸತು 8 ಇರುವ ಹಿತ್ತಾಳೆಯಲ್ಲಿ 13 ಪರಮಾಣುಗಳಿಗೆ 5 ಮತ್ತು 16 ಸೇರಿ 21 ಎಲೆಕ್ಟ್ರಾನುಗಳು. ತಾಮ್ರ 9, ಅಲ್ಯೂಮಿನಿಯಂ 4 ಇರುವ ಸಂಯುಕ್ತದಲ್ಲೂ 13 ಪರಮಾಣುಗಳಿಗೆ 9 ಮತ್ತು 12 ಸೇರಿ 21. ಇನ್ನು ತಾಮ್ರ 31, ತವರ 8 ಇರುವುದನ್ನು ನೀವೇ ಮಾಡಿ ನೋಡಿ. 39 ಪರಮಾಣುಗಳಿಗೆ 63 ಎಲೆಕ್ಟ್ರಾನುಗಳು ಬಂದವೇ? ಎರಡನ್ನೂ 3ರಿಂದ ಭಾಗಿಸಿ. ಮತ್ತೆ 13ಕ್ಕೆ 21. ಮೂರನೆಯ ಗುಂಪೂ ಒಂದಿದೆ. ಅದರಲ್ಲಿ 4 ಪರಮಾಣುಗಳಿಗೆ 7 ಎಲೆಕ್ಟ್ರಾನುಗಳು. ತಾಮ್ರ 1, ಸತು 3 ಇರುವುದು ಈ ಗುಂಪಿನದು. ತಾಮ್ರ 3, ತವರ 1 ಇರುವುದೂ ಇದರದೇ.

ಎಲೆಕ್ಟ್ರಾನುಗಳ ಸಂಖ್ಯೆ ಪರಮಾಣುಗಳ ಜೋಡಣೆಯನ್ನು ಏಕೆ ತೀರ್ಮಾನಿಸಬೇಕು? ಹ್ಯೂಮ್-ರಾಥರಿಯವರಿಗೆ ನಿಯಮ ಸಿಕ್ಕಿತ್ತು, ಕಾರಣ ಪೂರ್ತಿ ಸಿಕ್ಕಿರಲಿಲ್ಲ. ಎಲೆಕ್ಟ್ರಾನುಗಳನ್ನು ಅಲೆಗಳೆಂದು ಎಣಿಸುವ ಹೊಸ ಭೌತವಿಜ್ಞಾನದ ನೆರವಿನಿಂದ 1934ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಹ್ಯಾರಿ ಜೋನ್ಸ್ ಅದನ್ನು ವಿವರಿಸಿದರು. ಆ ಗಣಿತ ಕಠಿಣ. ನಾವು ಅದನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಶಾಲೆಯ ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕಿದ್ದೀರಿ. ಮುಂದಿನ ಸಾಲುಗಳಲ್ಲಿ ಎಲ್ಲರಿಗೂ ಕೂರುವಾಸೆ. ಒಂದು ಬಗೆಯಾಗಿ ಕುರ್ಚಿ ಹಾಕಿದರೆ ಮುಂದೆ 14 ಜನರಿಗೆ ಆರಾಮವಾಗಿ ಜಾಗ. 15ನೆಯವರು ಬಂದರೆ ಎಲ್ಲೋ ಹಿಂದೆ ಹೋಗಿ ನಿಲ್ಲಬೇಕು. ಆಗ ಏನು ಮಾಡುತ್ತೀರಿ? ಕುರ್ಚಿಗಳ ಸಾಲನ್ನೇ ಬದಲಿಸಿ ಇನ್ನೊಂದು ರೀತಿಯಲ್ಲಿ ಹಾಕುತ್ತೀರಿ. ಲೋಹದಲ್ಲಿ ಕುರ್ಚಿಯ ಸಾಲು ಎಂದರೆ ಪರಮಾಣುಗಳ ಜೋಡಣೆ, ಜನ ಎಂದರೆ ಎಲೆಕ್ಟ್ರಾನುಗಳು. ತಾಮ್ರದ ಮೂಲ ಜೋಡಣೆ 10 ಪರಮಾಣುಗಳಿಗೆ ಹೆಚ್ಚೆಂದರೆ ಸುಮಾರು 14 ಎಲೆಕ್ಟ್ರಾನುಗಳವರೆಗೆ ತಡೆದುಕೊಳ್ಳುತ್ತದೆ. ಸತುವನ್ನೋ ತವರವನ್ನೋ ಇನ್ನೂ ಸೇರಿಸುತ್ತ ಹೋದರೆ ಎಲೆಕ್ಟ್ರಾನುಗಳು ಹೆಚ್ಚಾಗಿ, ಪರಮಾಣುಗಳು ತಮ್ಮ ಸಾಲನ್ನೇ ಬದಲಿಸಿಕೊಳ್ಳುತ್ತವೆ.

ಈಗ ಹಂಡೆ ಮತ್ತು ಗಂಟೆಯ ಪ್ರಶ್ನೆಗೆ ಬರಬಹುದು. ಲೋಹವನ್ನು ಬಡಿದಾಗ ಅದು ಬಗ್ಗುವುದು ಹೇಗೆ? ಒಳಗೆ ಪರಮಾಣುಗಳು ಪದರ ಪದರವಾಗಿ ಕೂತಿವೆ. ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಇಡೀ ಪದರ ಒಮ್ಮೆಗೇ ಜಾರುವುದಿಲ್ಲ. ನೆಲದ ಮೇಲಿನ ಉದ್ದನೆಯ ಚಾಪೆಯನ್ನು ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸಣ್ಣ ಸುಕ್ಕು ಮಾಡಿ ಆ ಸುಕ್ಕನ್ನು ಮುಂದೆ ಮುಂದೆ ತಳ್ಳಿದರೆ ಚಾಪೆ ಸುಲಭವಾಗಿ ಸರಿಯುತ್ತದೆ. ಪರಮಾಣುಗಳ ಪದರದಲ್ಲೂ ಇಂಥ ಸುಕ್ಕುಗಳು ಓಡಾಡುತ್ತವೆ. ಇದನ್ನು ಜಿ. ಐ. ಟೇಲರ್ ಮತ್ತು ಇನ್ನಿಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ತೋರಿಸಿದ್ದೂ 1934ರಲ್ಲಿಯೇ. ತಾಮ್ರದ ಪರಮಾಣುಗಳು ಸಂತೆಯಲ್ಲಿ ಮೂಸಂಬಿ ಪೇರಿಸಿಟ್ಟಂತೆ ಒತ್ತೊತ್ತಾಗಿ, ನಯವಾದ ಪದರಗಳಲ್ಲಿ ಕೂತಿವೆ. ಎಲ್ಲವೂ ಒಂದೇ ಬಗೆಯವು. ಒಂದು ಹೆಜ್ಜೆ ಜಾರಿದರೂ ಹೊಸ ನೆರೆಯವರು ಹಳೆಯ ನೆರೆಯವರಂತೆಯೇ. ಎಲೆಕ್ಟ್ರಾನುಗಳ ಹೊಳೆ ಅವರನ್ನು ಮೊದಲಿನಂತೆಯೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಹಂಡೆ ನೆಗ್ಗುತ್ತದೆ, ಒಡೆಯುವುದಿಲ್ಲ. ಹೀಗೆ ಒಡೆಯದೆ ಎಳೆಸಿಕೊಳ್ಳುವ ಗುಣಕ್ಕೆ ತನ್ಯತೆ ಎಂದು ಹೆಸರು.

13ಕ್ಕೆ 21ರ ಗುಂಪಿನ ಸಂಯುಕ್ತದಲ್ಲಿ ಸಾಲುಗಳು ಇಷ್ಟು ಸರಳವಲ್ಲ. ಇಂಥ ಹಿತ್ತಾಳೆಯ ಜೋಡಣೆಯನ್ನು ಬ್ರಾಡ್ಲಿ ಮತ್ತು ಥ್ಯೂಲಿಸ್ ಎಂಬ ಇಬ್ಬರು ವಿಜ್ಞಾನಿಗಳು 1926ರಲ್ಲಿ ಬಿಡಿಸಿದರು. ಮತ್ತೆ ಮತ್ತೆ ಬರುವ ಒಂದೊಂದು ಘನಾಕೃತಿಯ ಕೋಣೆಯಲ್ಲಿ 52 ಪರಮಾಣುಗಳು! ತಾಮ್ರಕ್ಕೆ ಅದರದೇ ಜಾಗ, ಸತುವಿಗೆ ಅದರದೇ ಜಾಗ. ಅಲ್ಲಿ ನಯವಾದ ಪದರಗಳಿಲ್ಲ. ಒಂದು ಸಣ್ಣ ಹೆಜ್ಜೆ ಜಾರಿದರೆ ಯಾರೂ ತಮ್ಮ ಜಾಗದಲ್ಲಿ ಇರುವುದಿಲ್ಲ. ಸರಿಯಾದ ಜಾಗ ಮತ್ತೆ ಸಿಗಬೇಕಾದರೆ ಬಹುದೂರ ಹೋಗಬೇಕು. ಸುಕ್ಕು ಓಡಲಾರದು. ಬಡಿದ ಪೆಟ್ಟಿನ ಶಕ್ತಿ ಬೇರೆ ದಾರಿ ಕಾಣದೆ ಬಂಧಗಳನ್ನೇ ಕಡಿಯುತ್ತದೆ. ಬಿರುಕು ಹುಟ್ಟುವುದು ಹೀಗೆ.

ಗಂಟೆಯ ಕಂಚಿನಲ್ಲಿ ನೂರಕ್ಕೆ ಸುಮಾರು 20ರಿಂದ 22 ಭಾಗ ತವರವಿರುತ್ತದೆ. ಎರಕ ಹೊಯ್ದು ನಿಧಾನವಾಗಿ ಆರಲು ಬಿಟ್ಟರೆ ಅದರೊಳಗೆ ಎರಡು ಬಗೆಯ ಕಣಗಳು ಪಕ್ಕಪಕ್ಕದಲ್ಲಿ ಬೆಳೆಯುತ್ತವೆ. ಒಂದು, ತಾಮ್ರದ ಜೋಡಣೆಯ ಮೆತ್ತನೆಯ ಕಣ. ಇನ್ನೊಂದು, 31ಕ್ಕೆ 8ರ ಪೆಡಸು ಕಣ. ಈ ಪೆಡಸು ಕಣ ಜಾರುವುದಿಲ್ಲ, ಆದ್ದರಿಂದ ಗಂಟೆ ಬಾರಿಸಿದಾಗ ಕಂಪನದ ಶಕ್ತಿ ಒಳಗೇ ಸೋರಿಹೋಗುವುದು ಕಡಿಮೆ. ನಾದ ಬಹಳ ಹೊತ್ತು ನಿಲ್ಲುತ್ತದೆ. ಗಂಟೆಗೆ ಇಂಪು ಕೊಟ್ಟದ್ದೇ ಅದನ್ನು ಒಡೆಯುವಂತೆಯೂ ಮಾಡಿತು. ತಾಮ್ರದ ಗಂಟೆ ಮಾಡಿದರೆ ಒಡೆಯುವುದಿಲ್ಲ, ಆದರೆ ಅದರ ದನಿ ಕೇಳಲು ಯಾರೂ ಬರುವುದಿಲ್ಲ.

ಇಲ್ಲಿ ನಮ್ಮ ದಕ್ಷಿಣ ಭಾರತದ ಕಂಚುಗಾರರ ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ತವರ ಹೆಚ್ಚಿರುವ ಕಂಚನ್ನು ತಣ್ಣಗಿರುವಾಗ ಬಡಿದರೆ ಒಡೆಯುತ್ತದೆ. ಕೆಂಪಗೆ ಕಾಯಿಸಿದರೆ ಅದರೊಳಗಿನ 31ಕ್ಕೆ 8ರ ಪೆಡಸು ಕಣ ಮಾಯವಾಗಿ, 5ಕ್ಕೆ 1ರ ಕಣ ಹುಟ್ಟುತ್ತದೆ. ಅದು ಎರಡಕ್ಕೆ ಮೂರರ ಗುಂಪಿನದು, ಜೋಡಣೆ ಸರಳ, ಬಿಸಿಯಲ್ಲಿ ಚೆನ್ನಾಗಿ ಬಗ್ಗುತ್ತದೆ. ಬಿಸಿಯಿರುವಾಗಲೇ ಬಡಿದು ತೆಳ್ಳಗೆ ಮಾಡಿ, ಆರುವ ಮೊದಲೇ ನೀರಿಗೆ ಅದ್ದಿದರೆ ಪೆಡಸು ಕಣ ಮತ್ತೆ ಹುಟ್ಟಲು ಸಮಯವೇ ಸಿಗುವುದಿಲ್ಲ. ನೀಲಗಿರಿಯಲ್ಲಿ, ತಮಿಳುನಾಡಿನ ಆದಿಚನಲ್ಲೂರಿನಲ್ಲಿ ಸಿಕ್ಕ, ಎರಡು ಸಾವಿರ ವರ್ಷಗಳಿಗೂ ಹಳೆಯ ಕಂಚಿನ ಪಾತ್ರೆಗಳನ್ನು ಹೀಗೆಯೇ ಮಾಡಿದ್ದಾರೆಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದ್ದಾರೆ. ಕೇರಳದ ಆರನ್ಮುಳದವರು ಇದಕ್ಕೆ ತದ್ವಿರುದ್ಧ ಮಾಡಿದರು. ಅವರಿಗೆ ಬೇಕಾದದ್ದು ಪೆಡಸು ಕಣವೇ. ನೂರಕ್ಕೆ ಸುಮಾರು 33 ಭಾಗ ತವರ ಹಾಕಿ, ಹೆಚ್ಚುಕಡಿಮೆ ಪೂರ್ತಿ 31ಕ್ಕೆ 8ರ ಸಂಯುಕ್ತವೇ ಆಗುವಂತೆ ಎರಕ ಹೊಯ್ದು, ಉಜ್ಜಿ ಉಜ್ಜಿ ಹೊಳಪು ಕೊಟ್ಟರು. ಅದೇ ಪ್ರಸಿದ್ಧವಾದ ಆರನ್ಮುಳ ಲೋಹದ ಕನ್ನಡಿ. ಬೆಳ್ಳಿಯಂತೆ ಬೆಳ್ಳಗೆ, ಗಾಜಿನಂತೆ ಪೆಡಸು. ಕೈಜಾರಿದರೆ ಅದು ಗಾಜಿನ ಕನ್ನಡಿಯಂತೆಯೇ ಚೂರಾಗುತ್ತದೆ. ಎಲೆಕ್ಟ್ರಾನ್ ಎಂಬ ಹೆಸರೇ ಹುಟ್ಟುವ ಮೊದಲು ನಮ್ಮವರಿಗೆ ಈ ಎರಡು ಗುಂಪುಗಳ ವ್ಯತ್ಯಾಸ ಕೈಗೆ ಗೊತ್ತಿತ್ತು.

ಹಿತ್ತಾಳೆಯ ಕತೆಯೂ ಹೀಗೆಯೇ. 1832ರಲ್ಲಿ ಇಂಗ್ಲೆಂಡಿನ ಜಾರ್ಜ್ ಮಂಟ್ಜ್ ಎಂಬವರು 60 ಭಾಗ ತಾಮ್ರ, 40 ಭಾಗ ಸತು ಇರುವ ಹಿತ್ತಾಳೆಗೆ ಪೇಟೆಂಟ್ ಪಡೆದರು. ಬಿಸಿಯಲ್ಲಿ ಅದನ್ನು ಸುಲಭವಾಗಿ ತಗಡು ಮಾಡಬಹುದಿತ್ತು. ಮರದ ಹಡಗುಗಳ ತಳಕ್ಕೆ ಹುಳು ಹತ್ತದಂತೆ ಈ ತಗಡನ್ನು ಹೊದಿಸುತ್ತಿದ್ದರು. ಅದರಲ್ಲಿ ತಾಮ್ರದ ಜೋಡಣೆಯ ಕಣಗಳೂ, ಎರಡಕ್ಕೆ ಮೂರರ ಗುಂಪಿನ ಕಣಗಳೂ ಬೆರೆತಿರುತ್ತವೆ. ಸತು ಇನ್ನೂ ಹೆಚ್ಚಾಗಿ 5ಕ್ಕೆ 8ರ ಲೆಕ್ಕಕ್ಕೆ ಬಂದರೆ ಮುಗಿಯಿತು, ಅದು ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತದೆ, ಹಡಗಿಗೂ ಬೇಡ, ಕೊಡಪಾನಕ್ಕೂ ಬೇಡ. ಗಂಗೊಳ್ಳಿಯ ಬಂದರಿನಲ್ಲಿ ಬೋಟಿನ ಫ್ಯಾನನ್ನು ಹತ್ತಿರದಿಂದ ನೋಡಿದರೆ ಅದರ ಹಳದಿ ಬಣ್ಣ ಗಮನಿಸಿ. ಇಂಥ ಫ್ಯಾನುಗಳನ್ನು ತಾಮ್ರದ ಮಿಶ್ರಲೋಹಗಳಿಂದ ಮಾಡುವುದು ವಾಡಿಕೆ. ಕಲ್ಲು ತಗಲಿದರೆ ಅದರ ಎಲೆ ಬಗ್ಗಬೇಕೇ ಹೊರತು ಮುರಿಯಬಾರದು. ನಡುಗಡಲಿನಲ್ಲಿ ಫ್ಯಾನ್ ಮುರಿದರೆ ಬೋಟಿನಲ್ಲಿರುವವರ ಗತಿ ಏನು?

ಹ್ಯೂಮ್-ರಾಥರಿ 1925ರಲ್ಲಿ ಆಕ್ಸ್‌ಫರ್ಡಿಗೆ ಮರಳಿದರು. ಅಲ್ಲಿ ಆಗ ಲೋಹವಿಜ್ಞಾನ ಎಂಬ ವಿಭಾಗವೇ ಇರಲಿಲ್ಲ. ರಸಾಯನ ವಿಜ್ಞಾನದವರ ಪ್ರಯೋಗಾಲಯದಲ್ಲಿ ಜಾಗ ಪಡೆದು ಕೆಲಸ ಶುರುಮಾಡಿದರು. ಅವರ ಕೆಲಸದ ಬಗೆ ತಾಳ್ಮೆ ಬೇಡುವಂಥದು. ಶುದ್ಧವಾದ ಲೋಹಗಳನ್ನು ತೂಗಿ, ಮೂಸೆಯಲ್ಲಿ ಕರಗಿಸಿ, ಆರುತ್ತಿರುವಾಗ ಮತ್ತೆ ಮತ್ತೆ ಉಷ್ಣತೆ ಬರೆದಿಡಬೇಕು. ಉಷ್ಣತೆ ಇಳಿಯುವುದು ಎಲ್ಲಿ ತಡೆಯುತ್ತದೋ ಅಲ್ಲಿ ಒಳಗೆ ಏನೋ ಹೆಪ್ಪುಗಟ್ಟುತ್ತಿದೆ ಎಂದರ್ಥ. ಮತ್ತೆ ಗಟ್ಟಿಯಾದ ಚೂರನ್ನು ಉಜ್ಜಿ, ಆಮ್ಲದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಒಂದು ಜೋಡಿ ಲೋಹದ ನಕ್ಷೆ ಮುಗಿಯಲು ಇಂಥ ಹತ್ತಾರು ಮಿಶ್ರಣಗಳು. ಈ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು. ಅವೆರಡೂ ಅವರಲ್ಲಿ ಚುರುಕಾಗಿದ್ದವು.

1934ರಲ್ಲಿ ಅವರು ಇಬ್ಬರು ಜೊತೆಗಾರರೊಂದಿಗೆ ಇನ್ನೊಂದು ನಿಯಮವನ್ನು ಮುಂದಿಟ್ಟರು. ಒಂದು ಲೋಹ ಇನ್ನೊಂದರೊಳಗೆ ಚೆನ್ನಾಗಿ ಬೆರೆಯಬೇಕಾದರೆ ಅವುಗಳ ಪರಮಾಣುಗಳ ಗಾತ್ರದಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೆಂಪುಕಲ್ಲಿನ ಗೋಡೆ ಕಟ್ಟುವವರಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲುಗಳಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದರೆ ಗಾರೆಯಲ್ಲಿ ಸರಿಮಾಡಬಹುದು. ನಡುವೆ ಒಂದು ಭಾರೀ ಕಲ್ಲು ತುರುಕಿದರೆ ಸಾಲೇ ಕೆಡುತ್ತದೆ. ಇಂದಿಗೂ ಹೊಸ ಮಿಶ್ರಲೋಹ ಮಾಡಹೊರಟವರು ಮೊದಲು ನೋಡುವುದು ಈ ಗಾತ್ರ ಮತ್ತು ಆ ಎಲೆಕ್ಟ್ರಾನ್ ಲೆಕ್ಕ. ಇವನ್ನು ಹ್ಯೂಮ್-ರಾಥರಿ ನಿಯಮಗಳು ಎಂದೇ ಕರೆಯುತ್ತಾರೆ. ಎರಡಕ್ಕೆ ಮೂರು, 13ಕ್ಕೆ 21ರ ಸಂಯುಕ್ತಗಳಿಗೂ ಅವರ ಹೆಸರೇ ನಿಂತಿದೆ.

ಅವರ ನಿಯಮ ಎಲ್ಲ ಲೋಹಗಳಿಗೂ ಸಲೀಸಾಗಿ ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕಬ್ಬಿಣ, ನಿಕ್ಕಲ್‌ನಂಥ ಲೋಹಗಳು ಎಷ್ಟು ಎಲೆಕ್ಟ್ರಾನ್ ಕೊಡುತ್ತವೆ ಎಂಬುದೇ ಗೋಜಲು. ನಿಕ್ಕಲ್ 1, ಅಲ್ಯೂಮಿನಿಯಂ 1 ಇರುವ ಸಂಯುಕ್ತ ಎರಡಕ್ಕೆ ಮೂರರ ಗುಂಪಿಗೆ ಸೇರಬೇಕಾದರೆ ನಿಕ್ಕಲ್ ಸೊನ್ನೆ ಕೊಡುತ್ತದೆ ಎಂದು ಹಿಡಿಯಬೇಕು. ಹಾಗೆ ಹಿಡಿದರೆ ಜೋಡಣೆ ಸರಿಹೋಗುತ್ತದೆ, ಆದರೆ ಸೊನ್ನೆ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

1931ರಲ್ಲಿ ಎಲಿಜಬೆತ್ ಫೀ ಎಂಬವರೊಂದಿಗೆ ಅವರ ಮದುವೆಯಾಯಿತು. ಅವರಿಗೆ ಒಬ್ಬಳು ಮಗಳು. 1936ರಲ್ಲಿ ಲೋಹ ಮತ್ತು ಮಿಶ್ರಲೋಹಗಳ ರಚನೆಯ ಬಗ್ಗೆ ಅವರು ಬರೆದ ಪುಸ್ತಕ ಹಲವು ಮುದ್ರಣ ಕಂಡಿತು. 1937ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂಗಳ ಹಗುರ ಮಿಶ್ರಲೋಹಗಳ ಮೇಲೆ ಸರ್ಕಾರಕ್ಕಾಗಿ ಸಂಶೋಧನೆ ನಡೆಸಿದರು. ಹದಿನೆಂಟು ವರ್ಷದವರಾಗಿದ್ದಾಗ ಸೈನ್ಯಕ್ಕೆ ಬೇಡವಾಗಿದ್ದವರು ಈಗ ದೇಶಕ್ಕೆ ಬೇಕಾದರು. 1948ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕದ ರೀತಿ ಬಹಳ ಚೆಂದ. ಹಳೆಯ ಕಾಲದ ಲೋಹಗಾರ ಒಬ್ಬ, ಹೊಸ ವಿಜ್ಞಾನ ಕಲಿತ ತರುಣ ಇನ್ನೊಬ್ಬ. ಪುಸ್ತಕದುದ್ದಕ್ಕೂ ಇವರಿಬ್ಬರ ಮಾತುಕತೆ. ಕುಲುಮೆಯಲ್ಲಿ ಕೈ ಪಳಗಿದವರಿಗೆ ಎಲೆಕ್ಟ್ರಾನ್ ಎಂದರೆ ಭಯ ಆಗಬಾರದು ಎಂಬುದು ಅವರ ಕಾಳಜಿಯಾಗಿತ್ತು. ಮೂವತ್ತು ವರ್ಷಗಳಿಂದ ಒಂದು ಮಾತೂ ಕಿವಿಗೆ ಬೀಳದ ಮನುಷ್ಯ ಮಾತುಕತೆಯ ರೂಪದಲ್ಲೇ ಪುಸ್ತಕ ಬರೆದದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

1950ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಕೊನೆಗೂ ಲೋಹವಿಜ್ಞಾನ ವಿಭಾಗ ಆರಂಭವಾಯಿತು. ಅದಕ್ಕೆ ಕಾರಣರಾದ ಹ್ಯೂಮ್-ರಾಥರಿಯವರೇ ಅಲ್ಲಿನ ಮೊದಲ ಲೋಹವಿಜ್ಞಾನ ಪ್ರಾಧ್ಯಾಪಕರು. 1966ರಲ್ಲಿ ನಿವೃತ್ತರಾದರು. 1968ರ ಸೆಪ್ಟೆಂಬರ್ 27ರಂದು ತೀರಿಕೊಂಡರು.

ಅವರು ಬಿಟ್ಟುಹೋದ ಲೆಕ್ಕ ಈಗಲೂ ಮುಂದುವರಿಯುತ್ತಿದೆ. ಲೋಹ-ಲೋಹ ಸಂಯುಕ್ತಗಳು ಬಿಸಿಯಲ್ಲೂ ಗಟ್ಟಿಯಾಗಿ ಉಳಿಯುತ್ತವೆ, ಕೆಲವು ಬಹಳ ಹಗುರವೂ ಹೌದು. ವಿಮಾನದ ಎಂಜಿನ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಯಾವುದು? ತೊಡಕು ಒಂದೇ, ಪೆಡಸುತನ. ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಸಂಯುಕ್ತವನ್ನು ಪಳಗಿಸಲು ಹಲವು ದಶಕಗಳೇ ಹಿಡಿದವು. ಇತರ ಧಾತುಗಳನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಕಣಗಳ ಆಕಾರ ತಿದ್ದಿ, ಕೊನೆಗೆ ಅದು ಜೆಟ್ ಎಂಜಿನ್ನಿನ ತಿರುಗುವ ಅಲಗುಗಳಿಗೆ ಬಂತು. ಹಿಂದಿದ್ದ ನಿಕ್ಕಲ್ ಅಲಗಿಗೆ ಹೋಲಿಸಿದರೆ ಅದರ ತೂಕ ಸುಮಾರು ಅರ್ಧ. ನಿಕ್ಕಲ್ 3, ಅಲ್ಯೂಮಿನಿಯಂ 1 ಇರುವ ಸಂಯುಕ್ತಕ್ಕೆ ಚಿಟಿಕೆಯಷ್ಟು ಬೋರಾನ್ ಸೇರಿಸಿದರೆ ಅದು ಒಡೆಯುವುದು ನಿಂತು ಎಳೆಸಿಕೊಳ್ಳುತ್ತದೆ ಎಂದು ಜಪಾನಿನ ಅಓಕಿ ಮತ್ತು ಇಜುಮಿ 1979ರಲ್ಲಿ ಕಂಡುಕೊಂಡರು.

2003ರಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದಿಂದ ಇನ್ನೂ ಅಚ್ಚರಿಯ ಸುದ್ದಿ ಬಂತು. ಇಟ್ರಿಯಂ ಎಂಬ ಲೋಹದ 1 ಪರಮಾಣು, ಬೆಳ್ಳಿಯ 1 ಪರಮಾಣು ಸೇರಿದ ಸಂಯುಕ್ತ ಯಾವ ಬೆರಕೆಯೂ ಇಲ್ಲದೆ, ಕೋಣೆಯ ಉಷ್ಣತೆಯಲ್ಲಿಯೇ ಒಡೆಯದೆ ಎಳೆಸಿಕೊಂಡಿತು! ಪರಮಾಣುಗಳ ಜೋಡಣೆ ನೋಡಿದರೆ ನಿಕ್ಕಲ್ 1, ಅಲ್ಯೂಮಿನಿಯಂ 1ರ ಸಂಯುಕ್ತದಂತೆಯೇ. ಘನದ ಮೂಲೆಗಳಲ್ಲಿ ಒಂದು ಬಗೆ, ನಡುವೆ ಇನ್ನೊಂದು ಬಗೆ. ನಿಕ್ಕಲ್ಲಿನದು ಒಡೆಯುತ್ತದೆ, ಬೆಳ್ಳಿಯದು ಬಗ್ಗುತ್ತದೆ. ಜೋಡಣೆ ಒಂದೇ ಇದ್ದ ಮೇಲೆ ವ್ಯತ್ಯಾಸ ಎಲ್ಲಿದೆ? ಎಲೆಕ್ಟ್ರಾನುಗಳು ಪರಮಾಣುಗಳ ನಡುವೆ ಹರಡಿರುವ ರೀತಿಯಲ್ಲಿ ಅದನ್ನು ಹುಡುಕುತ್ತಿದ್ದಾರೆ. ಕೆಲವು ಸಂಯುಕ್ತಗಳಲ್ಲಿ ಎಲೆಕ್ಟ್ರಾನುಗಳು ಹೊಳೆಯ ನೀರಿನಂತೆ ಸಮನಾಗಿ ಹರಡಿರುತ್ತವೆ. ಕೆಲವದರಲ್ಲಿ ಇಂತಿಂಥ ಪರಮಾಣುಗಳ ನಡುವೆಯೇ ಮಡುಗಟ್ಟಿ ನಿಲ್ಲುತ್ತವೆ, ಆಗ ಬಂಧ ಒಂದೇ ದಿಕ್ಕಿಗೆ ಬಿಗಿಯಾಗಿ, ಪದರ ಜಾರುವುದು ಕಷ್ಟವಾಗುತ್ತದೆ. ಹ್ಯೂಮ್-ರಾಥರಿ ಕಾಗದದ ಮೇಲೆ ಕೂಡಿ ಭಾಗಿಸಿದ ಎಲೆಕ್ಟ್ರಾನುಗಳು ಎಲ್ಲಿ ಎಷ್ಟು ಸೇರಿವೆ ಎಂದು ಈಗ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆದರೂ ಒಂದು ಹೊಸ ಸಂಯುಕ್ತ ಒಡೆಯುತ್ತದೋ ಬಗ್ಗುತ್ತದೋ ಎಂದು ತಿಳಿಯಲು ಕೊನೆಗೆ ಅದನ್ನು ಕರಗಿಸಿ, ಆರಿಸಿ, ಎಳೆದೇ ನೋಡಬೇಕು.